ತಂಬಾಕು-ವೆನಿಲ್ಲಾ ಮೀಮಾಂಸೆ: ಮಲಪ್ರಭಾ ತೀರದ ಪಾಠ

ಟಾಮ್ ಫೋರ್ಡ್ ಕಂಪನಿ 2007ರಲ್ಲಿ ‘ಟೊಬ್ಯಾಕೊ ವೆನಿಲ್’ ಎಂಬ ಸುಗಂಧವನ್ನು ಲೋಕಕ್ಕೆ ದಯಪಾಲಿಸಿತು. ಐವತ್ತು ಮಿ.ಲೀ. ಸೀಸೆಗೆ ಐದಂಕಿ ಬೆಲೆ. ಅಷ್ಟು ದುಡ್ಡಿಗೆ ಬೈಲಹೊಂಗಲದಲ್ಲಿ ಕುರಿಯೇ ಬಂದೀತು. ಕುರಿಗೂ ತನ್ನದೇ ಪರಿಮಳವುಂಟು, ಆದರೆ ಅದು ಪ್ರತ್ಯೇಕ ಸಂಪುಟದ ವಿಷಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವೆ ತಂಬಾಕು-ವೆನಿಲ್ಲಾ ಗಂಧ ಮೊದಲಿನಿಂದಲೂ ಇತ್ತು, ಸೀಸೆಯೊಂದು ಇರಲಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ತಂಬಾಕಿನ ಮೂಲಗ್ರಂಥ ಅಜ್ಜನ ಚಂಚಿ. ನಮ್ಮ ಬೆಳಗಾವಿ ಜಿಲ್ಲೆಯದೇ ಆದ ನಿಪ್ಪಾಣಿ ಸೀಮೆಯ ಎಲೆಯ ಘಾಟು, ವೀಳ್ಯದ ತೇವ, ಅಡಿಕೆಯ ಒಗರು, ಮರೆತುಹೋದ ಒಂದು ಲವಂಗ, ಇವನ್ನೇ ಪ್ಯಾರಿಸಿನ ಪಂಡಿತರು ಮೇಲುಸ್ತರ, ನಡುಸ್ತರ, ತಳಸ್ತರ ಎಂದು ವಿಂಗಡಿಸಿ ಹಣ ಎಣಿಸುತ್ತಾರೆ. ನಮ್ಮಲ್ಲಿ ಮೂರೂ ಸ್ತರ ಒಂದೇ ಕಿಸೆಯಲ್ಲಿ. (ಮೂಸಲು ಮಾತ್ರ ಶಾಸ್ತ್ರದ ಅನುಮತಿ, ದವಡೆಗೆ ಒತ್ತಿಕೊಂಡವರ ಗತಿ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಗೊತ್ತು.)

ವೆನಿಲ್ಲಾ ಪ್ರಕರಣ ತುಸು ಜಟಿಲ. 2003ರ ಸುಮಾರಿಗೆ ಮಲೆನಾಡಿನಲ್ಲಿ ಇದರ ಬೆಲೆಗೆ ಹುಚ್ಚು ಹಿಡಿದು, ರೈತರು ಬಳ್ಳಿಗೆ ರಾತ್ರಿ ಕಾವಲು ಕೂತರು. ವರ್ಷವೆರಡರಲ್ಲಿ ಬೆಲೆ ನೆಲ ಕಚ್ಚಿತು. ನಮ್ಮ ಎರೆಭೂಮಿ ಆ ಮೋಹಕ್ಕೆ ಬೀಳಲಿಲ್ಲ. ಬಿದ್ದಿದ್ದರೂ ಬಳ್ಳಿ ಒಣಗುತ್ತಿತ್ತು. ಚಿಂತೆ ಬೇಡ. 1874ರಲ್ಲೇ ಜರ್ಮನಿಯ ರಸಾಯನ ಪಂಡಿತರು ಪೈನ್ ಮರದ ರಸದಿಂದ ವೆನಿಲ್ಲಾದ ಪರಿಮಳಸಾರವಾದ ವೆನಿಲಿನ್ ತೆಗೆದರು. ಅದರ ಕೃತಕ ಸಂತತಿ ಈಗ ಕಿರಾಣಿ ಅಂಗಡಿಯ ಎಸೆನ್ಸ್ ಬಾಟಲಿಯಲ್ಲಿ ಸುಖವಾಗಿದೆ.

ಚಂಚಿಯ ಘಾಟಿಗೆ ಎಸೆನ್ಸ್ ಕೂಡಿಸಿದ ಮಾತ್ರಕ್ಕೆ ಅತ್ತರಾದೀತೇ, ಎಂದು ಪೂರ್ವಪಕ್ಷಿ ಕೇಳುತ್ತಾನೆ. ಅಲ್ಲ. ಬೆಸುಗೆಗೆ ಹೊಗೆ ಬೇಕು. ಅದಕ್ಕೆ ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಬೇಕು. ಕರ್ಪೂರ, ಊದಿನಕಡ್ಡಿ, ಭಂಡಾರ ಅಂಗಿಗೆ ಹತ್ತಿ, ತುಂಬಿದ ಬಸ್ಸಿನಲ್ಲಿ ನಿಂತು ಊರು ಮುಟ್ಟುವಷ್ಟರಲ್ಲಿ ಪಾಕ ಪಕ್ವ. ರಾಮದುರ್ಗ ಕಡೆಯವರು ಗೊಡಚಿ ವೀರಭದ್ರನ ಜಾತ್ರೆಯನ್ನು ವಿಕಲ್ಪವಾಗಿ ಗ್ರಹಿಸಬಹುದು.

ಫಲಪರೀಕ್ಷೆ ನಡೆದದ್ದು ಕಿತ್ತೂರು ಉತ್ಸವದಲ್ಲಿ. ಪಕ್ಕದಲ್ಲಿ ನಿಂತ ಅಜ್ಜಿ ಮೂಗು ಅರಳಿಸಿ ಕೇಳಿದಳು: “ಯಪ್ಪಾ, ಚಂಚ್ಯಾಗ ಐಸ್‌ಕ್ರೀಮ್ ಚೆಲ್ಲೀಯೇನು?” ಟೊಬ್ಯಾಕೊ ವೆನಿಲ್ ಬಗ್ಗೆ ಇದಕ್ಕಿಂತ ನಿಖರ ವಿಮರ್ಶೆ ಇನ್ನೂ ಹುಟ್ಟಬೇಕು.

ಒಟ್ಟು ಖರ್ಚು ನೂರು ರೂಪಾಯಿಯೊಳಗೆ, ಸವದತ್ತಿಯ ಬಸ್ ಚಾರ್ಜು ಬೇರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅದೂ ಇಲ್ಲ.