ನಿಂತು ಕೆಟ್ಟ ಗಾಡಿ

ದುಡಿದು ಸವೆದ ಕಾರ್ಬೊರೇಟರುಗಳಿಗಿಂತ ಸುಮ್ಮನೆ ಕೂತು ಕೆಟ್ಟವೇ ಹೆಚ್ಚು ಎಂಬುದು ನನ್ನ ವಾದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಇವತ್ತಿಗೂ ಹೊಗೆಯುಗುಳುತ್ತ ಓಡಾಡುತ್ತಿವೆ. ಮೊಂಡು ಹಿಡಿಯುವುದು ‘ಅಪ್ಪನ ನೆನಪು’ ಎಂದು ಟಾರ್ಪಾಲು ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದ ಗಾಡಿ. ಪೆಟ್ರೋಲ್ ಕಾಕ್ ಮುಚ್ಚಿದರೂ ಕಾರ್ಬೊರೇಟರಿನ ಫ್ಲೋಟ್ ತೇಲುವ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲ್ ಉಳಿಯುತ್ತದೆ. ಅದರ ಹಗುರ ಅಂಶವೆಲ್ಲ ತಿಂಗಳುಗಟ್ಟಲೆ ಆವಿಯಾಗಿ, ತಳದಲ್ಲಿ ಹಲಸಿನ ಮೇಣದಂಥ ಅಂಟು ಕೂರುತ್ತದೆ. ಅದಕ್ಕೆ ಮೊದಲು ಬಲಿಯಾಗುವುದು ಐಡ್ಲಿಂಗಿಗೆ ಪೆಟ್ರೋಲ್ ಹಾಯಿಸುವ ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಅದಕ್ಕೇ ಅಂಥ ಗಾಡಿ ಚೋಕ್ ಎಳೆದರಷ್ಟೇ ಸ್ಟಾರ್ಟ್ ಆಗಿ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಉಸಿರು ಬಿಡುತ್ತದೆ. ಫಿಲ್ಟರ್ ಇದೆಯಲ್ಲ ಎನ್ನಬಹುದು. ಫಿಲ್ಟರ್ ತಡೆಯುವುದು ಹೊರಗಿಂದ ಬಂದ ಕಸವನ್ನು. ಒಳಮನೆಯಲ್ಲೇ ಹುಟ್ಟಿದ ಅಂಟನ್ನು ಬಾಗಿಲ ಕಾವಲುಗಾರ ಹೇಗೆ ತಡೆದಾನು?

ರೋಗ ಬರೀ ಅಂಟಾದರೆ ಮದ್ದು ಬರೀ ತೊಳೆಯುವುದು, ಹೊಸಬರೂ ಮಾಡಬಹುದು. ಕಷ್ಟವೆಂದರೆ, ತೂತು ಕಂಡ ಕೂಡಲೇ ನಮ್ಮವರ ಕೈ ಪಿನ್ನು ಹುಡುಕುತ್ತದೆ (ಕಿವಿಗೆ ಬೈಕಿನ ಕೀ ಹಾಕುವ ಜನ ಜೆಟ್ಟನ್ನು ಬಿಟ್ಟಾರೆಯೇ!). ಜೆಟ್ ಹಿತ್ತಾಳೆಯದು, ಪಿನ್ನು ಉಕ್ಕಿನದು. ಕೀಹಿನ್ ಕಂಪನಿಯ ಜೆಟ್ಟಿನ ಮೇಲೆ 38 ಎಂದಿದ್ದರೆ ತೂತು 0.38 ಮಿಲಿಮೀಟರ್ ಎಂದರ್ಥ. ಪಿನ್ನು ಆಡಿಸಿದ ಮೇಲೆ ಅದು ಎಷ್ಟಾಯಿತೋ ದೇವರೇ ಬಲ್ಲ. ಮೇಲಿನ ಅಂಕಿ ಮಾತ್ರ ಮತದಾರರ ಚೀಟಿಯ ಫೋಟೋದಂತೆ ಬದಲಾಗದೆ ಉಳಿಯುತ್ತದೆ. ಜೆಟ್ಟನ್ನು ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದಾಗ ದುಂಡನೆಯ ಚುಕ್ಕೆ ಕಂಡರೆ ಸಾಕು. ರಬ್ಬರ್ ರಿಂಗುಗಳನ್ನು ಮೊದಲೇ ತೆಗೆದಿಡಬೇಕು, ಇಲ್ಲವಾದರೆ ಕ್ಲೀನರ್ ಕುಡಿದು ಅವು ಹಪ್ಪಳದಂತೆ ಉಬ್ಬುತ್ತವೆ. ಏರ್ ಸ್ಕ್ರೂ ಬಿಚ್ಚುವ ಮುನ್ನ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಕೂರುವಷ್ಟರಲ್ಲಿ ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಳ್ಳಬೇಕು. ನೆನಪಿದೆ ಎಂದುಕೊಂಡವರಿಗೆ ಯಾವತ್ತೂ ನೆನಪಿರುವುದಿಲ್ಲ.

ಮೆಕ್ಯಾನಿಕ್ ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಮುಗಿಸುತ್ತಾನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವನ ಕೈಗಿರುವ ಪಳಗಿಕೆ ನಮಗೆ ಬರುವುದಿಲ್ಲ. ಆದರೆ ಅಂಗಡಿ ಮುಂದೆ ಹತ್ತು ಗಾಡಿ ನಿಂತಿರುವಾಗ ಒಂದು ಜೆಟ್ಟನ್ನು ರಾತ್ರಿಯಿಡೀ ನೆನೆಯಲು ಬಿಡುವ ಸಾವಕಾಶ ಅವನಿಗೆಲ್ಲಿ? ಹೊಸಬರಿಗಿರುವ ಏಕೈಕ ಬಂಡವಾಳವೇ ಅದು: ಬಿಡುವು ಕೆಡಿಸಿದ್ದನ್ನು ಬಿಡುವೇ ರಿಪೇರಿ ಮಾಡಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಿಗೆಲ್ಲ ಹೆಚ್ಚುಕಡಿಮೆ ಫ್ಯೂಯೆಲ್ ಇಂಜೆಕ್ಷನ್ನೇ, ಈ ವಿದ್ಯೆ ಯಾಕೆ ಎನ್ನುವವರೂ ಇದ್ದಾರೆ. ಟಾರ್ಪಾಲಿನಡಿಯ ಗಾಡಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹಾಗೆ ನೋಡಿದರೆ ಇಷ್ಟೆಲ್ಲ ಬೇಕಾಗಿಯೂ ಇರಲಿಲ್ಲ. ಗಾಡಿ ನಿಲ್ಲಿಸುವ ದಿನ ಬಟ್ಟಲ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿದ್ದರೆ ಸಾಕಿತ್ತು. ಯಾರೂ ಇಳಿಸುವುದಿಲ್ಲ. ಬರುವ ಭಾನುವಾರ ಒಂದು ರೌಂಡ್ ಹೋಗುವುದಿರುತ್ತದಲ್ಲ!