ಬೇಲಿಯಾಚೆಯ ಮತದಾರ

ನಾವಿರುವುದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ, ನಾರ್ತಾಂಪ್ಟನ್ ಕೌಂಟಿಯ ಕಡೆ. ಈ ಕೌಂಟಿ 2008 ಮತ್ತು 2012ರಲ್ಲಿ ಒಬಾಮಾ ಅವರನ್ನು ಗೆಲ್ಲಿಸಿತು, 2016ರಲ್ಲಿ ಟ್ರಂಪ್‌ಗೆ ಒಲಿಯಿತು, 2020ರಲ್ಲಿ ಬೈಡನ್ ಕಡೆ ಹೋಯಿತು, 2024ರಲ್ಲಿ ಮತ್ತೆ ಟ್ರಂಪ್ ಕೈ ಹಿಡಿಯಿತು. ಐದು ಸಲವೂ ಇಲ್ಲಿ ಗೆದ್ದವರೇ ಅಧ್ಯಕ್ಷರಾದರು. ಹಾಗಾಗಿ ಚುನಾವಣೆ ಬಂತೆಂದರೆ ನಮಗೆ ಉಸಿರಾಡಲು ಬಿಡುವುದಿಲ್ಲ. ಟಿವಿ ಹಾಕಿದರೆ ಜಾಹೀರಾತು, ಅಂಚೆಪೆಟ್ಟಿಗೆ ತೆರೆದರೆ ಬಣ್ಣಬಣ್ಣದ ಕಾಗದ, ಸಂಜೆಯಾದರೆ ಬಾಗಿಲು ತಟ್ಟುವ ಹುಡುಗ ಹುಡುಗಿಯರು. ಅವರು ಕೇಳಿದರೆ ಜನ "ಇನ್ನೂ ಯೋಚನೆ ಮಾಡ್ತಿದ್ದೀನಿ" ಎಂದು ಕಳಿಸಿಬಿಡುತ್ತಾರೆ. ಮನಸ್ಸಿನಲ್ಲಿರುವುದು ಹೊರಗೆ ಬರುವುದು ಹಿತ್ತಲಲ್ಲಿ ಎಲೆ ಗುಡಿಸುವಾಗ.

2024ರ ಅಕ್ಟೋಬರ್‌ನಲ್ಲಿ ಟ್ರಂಪ್ ಎದುರು ಕಮಲಾ ಹ್ಯಾರಿಸ್ ನಿಂತಿದ್ದಾಗ ಹಾಸನದಿಂದ ನಮ್ಮಕ್ಕ ಫೋನ್ ಮಾಡಿದಳು. "ಅಲ್ಲ ಕಣೋ, ಕಮಲಾ ನಮ್ಮ ಕಡೆ ಹೆಣ್ಣುಮಗಳಂತೆ. ಅವಳಿಗೇ ಹಾಕ್ತೀಯ ತಾನೆ?"

"ಅವರ ತಾಯಿ ತಮಿಳುನಾಡಿನ ಮೂಲದವರು ಅಕ್ಕ, ಅದು ನಿಜ. ಹಾಗಂತ ಇಲ್ಲಿ ನೆಂಟಸ್ತನ ನೋಡಿ ವೋಟು ಹಾಕೋಕಾಗುತ್ತಾ?"

"ಮತ್ತೆ ಅಲ್ಲಿಯ ಜನ ಏನು ನೋಡ್ತಾರೆ?"

ಅಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುತ್ತ ಕೂತರೆ ಬೇಲಿಯ ಆಚೆ ಈಚೆಯ ಮಾತನ್ನೆಲ್ಲ ಹೇಳಬೇಕಾಗುತ್ತದೆ.

ಎಡಗಡೆ ಮನೆಯ ಅಜ್ಜ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ದುಡಿದವರು. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಒದಗಿಸಿದ ಕಂಪನಿ ಅದು. 1995ರಲ್ಲಿ ಇಲ್ಲಿಯ ಕುಲುಮೆಗಳು ಆರಿದವು, 2001ರಲ್ಲಿ ಕಂಪನಿ ದಿವಾಳಿಯಾಯಿತು. ಆ ಜಾಗದ ಒಂದು ಭಾಗದಲ್ಲಿ ಈಗ ಕ್ಯಾಸಿನೊ ಇದೆ. ಅಜ್ಜ ಒಂದು ಕಾಲಕ್ಕೆ ಕಟ್ಟಾ ಡೆಮಾಕ್ರಟ್, ಯೂನಿಯನ್ ಮನುಷ್ಯ. ಈಗ ಅಂಗಳದಲ್ಲಿ ಟ್ರಂಪ್ ಫಲಕ ನೆಟ್ಟಿದ್ದಾರೆ. ಯಾಕೆಂದು ಕೇಳಿದೆ. "ಮೊದಲು ನಮ್ಮ ಪಾರ್ಟಿಯವರು ಕೂಲಿ, ಪಿಂಚಣಿ, ಆಸ್ಪತ್ರೆ ಖರ್ಚು ಅಂತ ಮಾತಾಡ್ತಿದ್ದರು. ಈಗ ಕಾಲೇಜಿನ ಮಾತು ಆಡ್ತಾರೆ. ಈ ಮನುಷ್ಯ ಬಾಯಿಗೆ ಬಂದದ್ದು ಆಡ್ತಾನೆ, ಅದು ನನಗೂ ಇಷ್ಟವಿಲ್ಲ. ಆದರೆ ಅವನು ಆಡಿದ್ದು ನನಗೆ ಅರ್ಥವಾಗುತ್ತೆ" ಅಂದರು. ಅವರ ಹೆಂಡತಿ ನರ್ಸ್ ಆಗಿದ್ದವರು. "ಆ ಬಾಯಿ ಇಟ್ಟುಕೊಂಡು ನನ್ನ ಮನೆಯಲ್ಲಿ ಊಟಕ್ಕೆ ಕೂರೋಕೆ ಬಿಡಲ್ಲ" ಅನ್ನುತ್ತಾರೆ. ಒಂದೇ ಮನೆ, ಎರಡು ವೋಟು.

ಬೆಲೆಯ ಮಾತು ಬಂದರೆ ಮಾತ್ರ ಗಂಡ ಹೆಂಡತಿ ಒಂದಾಗುತ್ತಾರೆ. 2022ರ ಜೂನ್‌ನಲ್ಲಿ ದೇಶದ ಹಣದುಬ್ಬರ ಶೇ. 9.1 ಮುಟ್ಟಿತ್ತು. 2024ರ ಅಕ್ಟೋಬರ್ ಹೊತ್ತಿಗೆ ಶೇ. 2.6ಕ್ಕೆ ಬಂತು. ಸರ್ಕಾರದವರು "ಹಣದುಬ್ಬರ ಇಳಿದಿದೆ" ಅಂದರು. ಲೆಕ್ಕ ಸರಿ. ಆದರೆ ಬೆಲೆ ಏರುವ ವೇಗ ಇಳಿಯಿತೇ ಹೊರತು ಏರಿದ ಬೆಲೆ ಇಳಿಯಲಿಲ್ಲ. ದಿನಸಿ ಅಂಗಡಿಯಲ್ಲಿ ಬಿಲ್ ಕಟ್ಟುವವರಿಗೆ ಆ ಮಾತು ಸುಳ್ಳಿನ ಹಾಗೆ ಕೇಳಿಸಿತು. 1980ರ ಅಕ್ಟೋಬರ್‌ನಲ್ಲಿ, ಕ್ಲೀವ್‌ಲ್ಯಾಂಡ್‌ನ ಚರ್ಚೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರೇಗನ್ ಜನರನ್ನು ಒಂದು ಪ್ರಶ್ನೆ ಕೇಳಿದರು: ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದೀರಾ? ಅದರಲ್ಲಿ ಅಂಕಿ ಇರಲಿಲ್ಲ, ಅಂಕಿಯನ್ನು ಕೇಳಿದವರೇ ಅವರವರ ಮನೆಯಲ್ಲಿ ಹಾಕಿಕೊಂಡರು. 2024ರಲ್ಲಿ ಟ್ರಂಪ್ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದರು.

ಸರಳವಾದ ಮಾತೆಲ್ಲ ನೇರವಾದ ಮಾತಲ್ಲ, ಇದನ್ನೂ ಹೇಳಬೇಕು. ಅಜ್ಜನಿಗೆ ‘ಡೆತ್ ಟ್ಯಾಕ್ಸ್’ ಅಂದರೆ ರಕ್ತ ಕುದಿಯುತ್ತದೆ. ಸತ್ತ ಮೇಲೂ ತೆರಿಗೆಯೇ ಅನ್ನುತ್ತಾರೆ. ಕಾಯಿದೆಯಲ್ಲಿ ಅದು ಎಸ್ಟೇಟ್ ಟ್ಯಾಕ್ಸ್. ಅದಕ್ಕೆ ಆ ಇನ್ನೊಂದು ಹೆಸರನ್ನು ಜನರ ಬಾಯಿಗೆ ತಂದವರಲ್ಲಿ ರಿಪಬ್ಲಿಕನ್ನರ ಭಾಷಾ ಸಲಹೆಗಾರ ಫ್ರಾಂಕ್ ಲುಂಟ್ಜ್ ಮುಖ್ಯರು. 2024ರಲ್ಲಿ ಒಬ್ಬ ವ್ಯಕ್ತಿಯ ಆಸ್ತಿ 1 ಕೋಟಿ 36 ಲಕ್ಷ ಡಾಲರ್ ದಾಟಿದರೆ ಮಾತ್ರ ಕೇಂದ್ರದ ಆ ತೆರಿಗೆ. ಅಜ್ಜನ ಮನೆಯನ್ನು ಅದು ಮುಟ್ಟುವುದೇ ಇಲ್ಲ. ಅವರ ಮಕ್ಕಳಿಗೆ ತಾಗುವುದು ಪೆನ್ಸಿಲ್ವೇನಿಯಾ ರಾಜ್ಯದ ಬೇರೊಂದು ತೆರಿಗೆ, ಮಕ್ಕಳ ಪಾಲಿಗೆ ಬಂದದ್ದರ ಮೇಲೆ ಶೇ. 4.5. ಇದನ್ನು ಹೇಳಿದಾಗ ಅಜ್ಜ ಪೊರಕೆ ಒರಗಿಸಿ ನಿಂತು ಕೇಳಿದರು, ಹೆಂಡತಿಯನ್ನೂ ಕರೆದು ಮತ್ತೊಮ್ಮೆ ಹೇಳಿಸಿದರು. ನೆರೆಯವನು ಕೂಗಾಡದೆ ಹೇಳಿದರೆ ಜನ ಕೇಳುತ್ತಾರೆ.

ಬಲಗಡೆ ಮನೆಯಾಕೆ ಪೋರ್ಟೊ ರಿಕೊದವರು, ಪಕ್ಕದ ಆಲನ್‌ಟೌನ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಾರೆ. ಆ ದ್ವೀಪದ ಜನ 1917ರಿಂದಲೂ ಅಮೆರಿಕದ ಪೌರರು. ಆದರೂ ದ್ವೀಪದಲ್ಲೇ ಇದ್ದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ, ಇಲ್ಲಿಗೆ ಬಂದು ನೆಲೆಸಿದರೆ ಉಂಟು. 2024ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟ್ರಂಪ್ ಸಭೆಗೆ ಬಂದ ಹಾಸ್ಯಗಾರನೊಬ್ಬ ಪೋರ್ಟೊ ರಿಕೊವನ್ನು ತೇಲುವ ಕಸದ ದ್ವೀಪ ಅಂದ. ಮರುದಿನ ಆಕೆ ನನ್ನ ಹತ್ತಿರ ಹೇಳಿದ್ದು ಇಷ್ಟೆ: "ಅವನು ಹೇಳಿದ್ದಕ್ಕಿಂತ ಅಲ್ಲಿದ್ದವರು ನಕ್ಕರಲ್ಲ, ಅದು ನೋವಾಯಿತು." ಆಕೆಯ ತಮ್ಮ ಅದೇ ವಾರ ಟ್ರಂಪ್‌ಗೇ ವೋಟು ಎಂದು ಗಟ್ಟಿ ಮಾಡಿಕೊಂಡಿದ್ದ. "ಬೈಗುಳ ತಿಂದರೂ ಪರವಾಗಿಲ್ಲ, ಬಾಡಿಗೆ ಇಳಿಯಬೇಕು" ಅನ್ನುವುದು ಅವನ ವಾದ.

ಎರಡು ದಿನ ಬಿಟ್ಟು, 29ರಂದು, ಟ್ರಂಪ್ ಆಲನ್‌ಟೌನ್‌ಗೆ ಬಂದರು. ಅದೇ ದಿನ ಬೈಡನ್ ವಿಡಿಯೊ ಕರೆಯೊಂದರಲ್ಲಿ ಆ ಹಾಸ್ಯಗಾರನನ್ನು ಖಂಡಿಸಲು ಹೋಗಿ, ಟ್ರಂಪ್ ಬೆಂಬಲಿಗರನ್ನೇ ಕಸ ಅಂದಂತೆ ಕೇಳಿಸುವ ಮಾತಾಡಿದರು. ತಾನು ಹೇಳಿದ್ದು ಆ ದ್ವೇಷದ ಮಾತಿನ ಬಗ್ಗೆ ಎಂದು ಆಮೇಲೆ ವಿವರಿಸಿದರು. ಮರುದಿನ ಟ್ರಂಪ್ ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ಕಸದ ಲಾರಿ ಹತ್ತಿ ಕೂತರು. ಎಡಗಡೆ ಅಜ್ಜ ಬೇಲಿಯ ಹತ್ತಿರ ಬಂದು ಕೇಳಿದರು: "ನಾನು ಕಸವಾ?" ಬಲಗಡೆ ಮನೆಯಾಕೆಯ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ. ಎರಡು ಪಕ್ಷ, ಒಂದೇ ಗಾಯ.

ಮತದಾರರನ್ನು ಹೀಗೆ ಹೀಗಳೆಯುವುದು ಹೊಸದೇನಲ್ಲ. 2008ರಲ್ಲಿ ಒಬಾಮಾ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೇಣಿಗೆದಾರರ ಮುಂದೆ, ಕೆಲಸ ಕಳೆದುಕೊಂಡ ಪೆನ್ಸಿಲ್ವೇನಿಯಾದ ಸಣ್ಣ ಊರುಗಳ ಜನ ಕಹಿಯಾಗಿ ಬಂದೂಕಿಗೂ ಧರ್ಮಕ್ಕೂ ಅಂಟಿಕೊಳ್ಳುತ್ತಾರೆ ಎಂದರು. ಅಂದರೆ ನಮ್ಮವರನ್ನೇ ಅಂದದ್ದು. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿ, ಫ್ಲಾರಿಡಾದಲ್ಲಿ, ಅದೂ ದೇಣಿಗೆದಾರರ ಮುಂದೆ, ದೇಶದ ಶೇ. 47 ಜನ ಸರ್ಕಾರವನ್ನೇ ನೆಚ್ಚಿಕೊಂಡವರು ಎಂದರು. 2016ರ ಸೆಪ್ಟೆಂಬರ್‌ನಲ್ಲಿ ಹಿಲರಿ ಕ್ಲಿಂಟನ್, ನ್ಯೂಯಾರ್ಕಿನ ದೇಣಿಗೆ ಸಭೆಯಲ್ಲಿ, ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ‘ಡಿಪ್ಲೊರಬಲ್ಸ್’, ಅಂದರೆ ತೀರಾ ಹೀನರ, ಬುಟ್ಟಿಗೆ ಹಾಕಿದರು, ಮರುದಿನ ‘ಅರ್ಧ’ ಎಂದದ್ದಕ್ಕೆ ವಿಷಾದಿಸಿದರು. ಮೂರೂ ಮಾತು ಆಡಿದ್ದು ಹಣವಂತರ ಮುಂದೆ, ಅಲ್ಲಿಲ್ಲದವರ ಬಗ್ಗೆ. ಟ್ರಂಪ್ ಆದರೋ ಮರೆಯಲ್ಲಿ ಆಡುವವರಲ್ಲ. 2023ರ ನವೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬಹಿರಂಗ ಸಭೆಯಲ್ಲೇ ಎದುರಾಳಿಗಳನ್ನು ಕ್ರಿಮಿಕೀಟಗಳೆಂದರು. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದ ಚರ್ಚೆಯಲ್ಲಿ, ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ಗೆ ವಲಸೆ ಬಂದವರು ನೆರೆಯವರ ನಾಯಿ ಬೆಕ್ಕು ತಿನ್ನುತ್ತಿದ್ದಾರೆಂದರು. ನಂಬುವಂಥ ಒಂದು ದೂರೂ ಬಂದಿಲ್ಲವೆಂದು ಆ ಊರಿನ ಅಧಿಕಾರಿಗಳೇ ಹೇಳಿದರು. ಆಮೇಲೆ ಆ ಊರಿಗೆ ಬಾಂಬ್ ಬೆದರಿಕೆ ಬಂದು ಶಾಲೆ ಮುಚ್ಚಬೇಕಾಯಿತು.

ತೆರಿಗೆಯ ಭರವಸೆ, ಗಡಿಗೋಡೆಯ ಭರವಸೆ ಜನ ಮರೆಯುತ್ತಾರೆ. ತಮ್ಮನ್ನು ಏನೆಂದು ಕರೆದರು ಎಂಬುದನ್ನು ಮರೆಯುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಗೆದ್ದವರ ಮುನ್ನಡೆ 2016ರಲ್ಲಿ ಸುಮಾರು 44 ಸಾವಿರ, 2020ರಲ್ಲಿ ಸುಮಾರು 80 ಸಾವಿರ, 2024ರಲ್ಲಿ ಸುಮಾರು 1 ಲಕ್ಷ 20 ಸಾವಿರ. ಅರವತ್ತು, ಎಪ್ಪತ್ತು ಲಕ್ಷ ಮತಗಳಲ್ಲಿ ಇಷ್ಟೇ ವ್ಯತ್ಯಾಸ. ಇಲ್ಲಿ ಯಾರನ್ನೂ ಬುಟ್ಟಿಗೆ ಹಾಕಿ ಆಚೆ ಇಡುವಂತಿಲ್ಲ.

ನಾನು ಮನಸಾರೆ ಮೆಚ್ಚುವ ಮಾತೊಂದಿದೆ. 2008ರ ಅಕ್ಟೋಬರ್ 10, ಮಿನ್ನೆಸೋಟಾದ ಲೇಕ್‌ವಿಲ್. ಒಬಾಮಾ ಎದುರು ನಿಂತಿದ್ದ ಜಾನ್ ಮೆಕೇನ್ ಸಭೆಯಲ್ಲಿ ಹೆಂಗಸೊಬ್ಬರು ಮೈಕ್ ಹಿಡಿದು, ಒಬಾಮಾ ಅವರನ್ನು ನಂಬುವುದಿಲ್ಲ, ಆತ ಅರಬ ಎಂದರು. ಮೆಕೇನ್ ತಲೆ ಅಲ್ಲಾಡಿಸಿ ಮೈಕ್ ವಾಪಸು ತೆಗೆದುಕೊಂಡರು. ಇಲ್ಲಮ್ಮಾ, ಆತ ಸಂಸಾರವಂತ, ಸಭ್ಯ, ಈ ದೇಶದ ಪೌರ, ನನಗೂ ಅವರಿಗೂ ಮುಖ್ಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಇದೆ, ಈ ಚುನಾವಣೆ ಅದರ ಬಗ್ಗೆ ಎಂದರು. ಆ ದಿನ ಎದುರಾಳಿಯನ್ನು ಹೊಗಳಿದ್ದಕ್ಕೆ ಅವರದೇ ಜನ ಕೂಗಿ ಆಕ್ಷೇಪಿಸಿದರು. ಮೆಕೇನ್ ಚುನಾವಣೆ ಸೋತರು. ಅಜ್ಜನೂ ಅಜ್ಜಿಯೂ ಬಸ್ಸು ಓಡಿಸುವಾಕೆಯೂ ಒಂದೇ ಧ್ವನಿಯಲ್ಲಿ "ಅವರು ದೊಡ್ಡ ಮನುಷ್ಯ" ಅನ್ನುವುದು ಮಾತ್ರ ಮೆಕೇನ್ ಒಬ್ಬರ ಬಗ್ಗೆ.

ಈಗ ನಮ್ಮ ಕನ್ನಡದವರಿಗೆ ಒಂದು ಮಾತು. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಆ ಸಲ "ಟ್ರಂಪ್‌ಗೆ ಹಾಕೋರಿಗೆ ಬುದ್ಧಿ ಇಲ್ಲ", "ಕಮಲಾಗೆ ಹಾಕೋರಿಗೆ ದೇಶದ ಚಿಂತೆ ಇಲ್ಲ" ಎಂದು ಹರಿದಾಡಿತು. ಯುಗಾದಿಗೆ ಕೂಡಿ ಹೋಳಿಗೆ ಮಾಡಿದವರು ತಿಂಗಳುಗಟ್ಟಲೆ ಮಾತು ಬಿಟ್ಟರು. ಇದು ತಪ್ಪು. ಅಭ್ಯರ್ಥಿಯನ್ನು ಎಷ್ಟು ಬೇಕಾದರೂ ಪ್ರಶ್ನಿಸಿ. ಅವರ ಸುಳ್ಳನ್ನು ಸುಳ್ಳೆಂದೇ ಹೇಳಿ. ಆದರೆ ಅವರಿಗೆ ವೋಟು ಹಾಕಿದ ಮನುಷ್ಯನಿಗೆ ಹೆಸರಿಡುವ ಮುಂಚೆ, ಯಾಕೆ ಹಾಕಿದಿರಿ ಎಂದು ಒಮ್ಮೆ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7ಕ್ಕೆ. ಅಲ್ಲಿಯವರೆಗೂ, ಅದಾದ ಮೇಲೂ, ನಾವು ಬದುಕಬೇಕಾದದ್ದು ಈ ನೆರೆಯವರ ಜೊತೆಗೇ.