ಪೆಟ್ರೋಲ್ ಅದನ ನೋಡ್ರಿ

ಹೊಸ ಗಾಡಿ ರಸ್ತೆಯಲ್ಲಿ ಕೆಟ್ಟು ನಿಂತರೆ ಯಾರೂ ಹತ್ತಿರ ಸುಳಿಯುವುದಿಲ್ಲ. ಒಳಗೆ ಕಂಪ್ಯೂಟರ್ ಇರುತ್ತದೆ, ಕೈ ಹಾಕಿದರೆ ನಮ್ಮ ಮೈಮೇಲೇ ಬರುತ್ತದೆ ಎಂಬ ಅಂಜಿಕೆ. ಹಳೆಯ ಸ್ಕೂಟರ್ ನಿಂತರೆ ಊರಿಗೆ ಊರೇ ಮಿಸ್ತ್ರಿ. ಅದು ಚಾಲೂ ಆಗಲು ಬೇಕಾದದ್ದು ಮೂರೇ ಮೂರು: ಪೆಟ್ರೋಲು, ಗಾಳಿ, ಕಿಡಿ. ಮೂರರಲ್ಲಿ ಒಂದನ್ನು ಹೆಸರಿಸಿದರೆ ಸಾಕು, ಪಂಡಿತನೆನಿಸಿಕೊಳ್ಳಬಹುದು. ಒಂಬತ್ತು ಗ್ರಹ ಎಣಿಸಬೇಕಾದ ಜ್ಯೋತಿಷಿಗೂ ಈ ಸವಲತ್ತಿಲ್ಲ.

ನಮ್ಮದು ಮಾವನವರ ಚೇತಕ್. 1972ರಲ್ಲಿ ರಸ್ತೆಗಿಳಿದ ಈ ಸ್ಕೂಟರಿಗಾಗಿ ಜನ ವರ್ಷಗಟ್ಟಲೆ ಪಾಳಿ ಹಚ್ಚಿ ಕಾದಿದ್ದರು. ಹೆಸರು ರಾಣಾ ಪ್ರತಾಪನ ಕುದುರೆಯದು. 1576ರ ಹಲ್ದಿಘಾಟಿ ಯುದ್ಧದಲ್ಲಿ ಆ ಕುದುರೆ ಗಾಯಗೊಂಡರೂ ಒಡೆಯನನ್ನು ಹೊತ್ತುಕೊಂಡೇ ಓಡಿತಂತೆ. ನಮ್ಮ ಚೇತಕ್ ಮಾತ್ರ ಯುದ್ಧವಿಲ್ಲದೆಯೇ, ಗಾಯವಿಲ್ಲದೆಯೇ ನಿಲ್ಲುವುದನ್ನು ಕಲಿತಿತ್ತು. ಅರ್ಧ ಆಯುಷ್ಯವನ್ನು ಅದು ಶಹಾಬಾದಿನ ಫರಸಿ ಪಾಲಿಷ್ ಮಾಡುವ ಅಂಗಳದಲ್ಲಿ ಕಳೆದಿದೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಆ ಕಲ್ಲಿನ ಪುಡಿಯಲ್ಲಿ ಒಂದು ಪಾಲನ್ನು ಇದು ತನ್ನ ಮೈಗೇ ಹಾಸಿಕೊಂಡಿದೆ.

ಒಂದು ಬೇಸಿಗೆಯಲ್ಲಿ ಅದನ್ನು ಚಿಂಚೋಳಿಯಿಂದ ಶಹಾಬಾದಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಊರು ದಾಟಿ ತೊಗರಿ ಹೊಲಗಳು ಶುರುವಾಗುತ್ತಲೇ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಕಿಕ್ ಹೊಡೆದೆ, ಒಂದು ಮಗ್ಗುಲಿಗೆ ವಾಲಿಸಿದೆ, ಮತ್ತೆ ಹೊಡೆದೆ. ಬದುವಿನ ಮೇಲಿದ್ದ ಕಾಕಾ ಎದ್ದು ಬಂದರು.

"ಪೆಟ್ರೋಲ್ ಅದನ ನೋಡ್ರಿ ಮೊದ್ಲ."

ನಮ್ಮ ಗಾಡಿಗೆ ಪೆಟ್ರೋಲ್ ತೋರಿಸುವ ಮುಳ್ಳಿಲ್ಲ. ಸೀಟು ಎತ್ತಿ, ಮುಚ್ಚಳ ತೆಗೆದು ಇಣುಕಬೇಕು. ತೆಗೆದರೆ 'ಸುಸ್' ಎಂದಿತು. ಪೆಟ್ರೋಲ್ ಬೇಕಾದಷ್ಟಿತ್ತು.

"ಹಂಗಿದ್ರ ಪೈಪಿನಾಗ ಗಾಳಿ ಹೊಕ್ಕಾದ. ನಮ್ಮ ಬಾವಿ ಪಂಪಿಗಿ ಹಿಂಗೇ ಆಗ್ತದ" ಎಂದು ಕಾಕಾ ಪೈಪು ಬಿಚ್ಚಿ ಬಾಯಿಂದ ಎಳೆದರು, ಉಗುಳಿದರು, ಮತ್ತೆ ಜೋಡಿಸಿದರು. ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಅಂಥ ವಿದ್ಯೆಯನ್ನು ನೋಡಿ ನಾನು ಕೈ ಮುಗಿದೆ.

ಸೇಡಂನಲ್ಲಿ ಚಹದಂಗಡಿಯ ಎದುರಿಗೇ ನಿಂತಿತು. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಸಿಯಲ್ಲಿದ್ದ ಚಹ ಮುಗಿಸಿ ಎದ್ದರು. ಅವರೂ ಮೊದಲು ಮುಚ್ಚಳ ತೆಗೆಸಿ ಪೆಟ್ರೋಲ್ ನೋಡಿದರು, ಅದು ಮತ್ತೆ ಸುಸ್ ಎಂದಿತು. ಆಮೇಲೆ ಎಂಜಿನ್ ಮುಟ್ಟಿ, "ಕಾದದ ರೀ" ಎಂದರು. ಸುಣ್ಣದ ಕಲ್ಲು ಸಿಮೆಂಟಾಗಲು ಗೂಡಿನಲ್ಲಿ 1450 ಡಿಗ್ರಿ ಬೇಕು, ಅಂಥದ್ದರ ಮುಂದೆ ಜೀವಮಾನವಿಡೀ ನಿಂತವರ ಕೈ ಅದು. ಎದುರು ಮಾತಾಡುವ ಧೈರ್ಯ ಯಾರಿಗುಂಟು? ಒದ್ದೆ ಅರಿವೆ ಹೊದಿಸಿದರು. ಗಾಡಿ ಚಾಲೂ!

ಮಳಖೇಡ ಟೀಕಾಚಾರ್ಯರ ಊರು, ಟೀಕೆಗೆ ಕೊರತೆಯಿಲ್ಲ. ಹುಡುಗನೊಬ್ಬ ಮುಚ್ಚಳ ತಿರುವಿ ಒಳಗೆ ನೋಡುತ್ತಿದ್ದಂತೆಯೇ ಉಳಿದವರು ರಿಂಗು, ಬೋರು, ಪಿಸ್ಟನ್ ಎಂದು ಭಾಷ್ಯ ಬರೆದು ಮುಗಿಸಿದ್ದರು. ಮಿಸ್ತ್ರಿ ಪುಕ್ಕಟೆಯ ಕಾರಣದಿಂದ ಹುಡುಕಾಟ ಶುರು ಮಾಡಿ ಖರ್ಚಿನದಕ್ಕೆ ಏರುತ್ತಾನೆ. ಗುಂಪು ಎಂಜಿನ್ ಬಿಚ್ಚುವುದರಿಂದ ಶುರು ಮಾಡುತ್ತದೆ. ಖರ್ಚು ಇನ್ನೊಬ್ಬರದಲ್ಲವೇ! ಅಲ್ಲಿ ಏನನ್ನೂ ಬಿಚ್ಚದೆಯೇ ಅದು ಎದ್ದದ್ದು ಎಲ್ಲರಿಗೂ ಸ್ವಲ್ಪ ಬೇಸರ ತರಿಸಿತು. ಚಿತ್ತಾಪುರದಲ್ಲಿ ಒಬ್ಬರು ಪೆಟ್ರೋಲ್ ನೋಡಿದ ಬಳಿಕ ನಾಗಾವಿ ಎಲ್ಲಮ್ಮನಿಗೆ ಕೈ ಮುಗಿಯಲು ಹೇಳಿದರು. ಮುಗಿದೆ. ಎದ್ದಿತು.

ವಾಡಿಯ ಚಿಕಿತ್ಸೆ ಮಾತ್ರ ಶಾಸ್ತ್ರೋಕ್ತ. 1874ರಲ್ಲಿ ನಿಜಾಮರ ರೈಲು ಹೈದರಾಬಾದಿನ ಕಡೆಯಿಂದ ಬಂದು ಮುಂಬಯಿ–ಮದ್ರಾಸ್ ಹಾದಿಗೆ ಕೂಡಿಕೊಂಡ ಜಂಕ್ಷನ್ ಅದು, ಅಲ್ಲಿನವರಿಗೆ ಎಲ್ಲವೂ ಕ್ರಮಪ್ರಕಾರ ಆಗಬೇಕು. ರೈಲ್ವೆಯಲ್ಲಿದ್ದ ಅಣ್ಣಾರೊಬ್ಬರು ಮೊದಲು ಪೆಟ್ರೋಲ್ ಪರೀಕ್ಷಿಸಿದರು. ನಂತರ ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, ನನ್ನಿಂದ ಕಿಕ್ ಹೊಡೆಸಿದರು. ಕಿಡಿ ನೀಲಿಯಾಗಿ ಚಟ್ ಎಂದು ಹಾರಿತು. ನೀಲಿ ಕಿಡಿ ಎಂದರೆ ಆರೋಗ್ಯ, ಕೆಂಪಗೆ ಸೊರಗಿದ್ದರೆ ರೋಗ. ಅಣ್ಣಾರು ಕಣ್ಣು ಕಿರಿದು ಮಾಡಿ, "ನೀಲಿ ಅದ ಖರೇ, ಆದ್ರ ಅದಕ್ಕ ಮನಸ್ಸಿಲ್ಲ" ಎಂದರು. ಪಾಲಿಷ್ ಕಾಗದದಿಂದ ಪ್ಲಗ್ ಉಜ್ಜಿದರು, ಸಂದಿಯನ್ನು ಉಗುರಿನಿಂದ ಅಳೆದರು, ಊದಿದರು, ಕೂಡಿಸಿದರು. ಕಿಡಿಗೆ ಮನಸ್ಸು ಬಂತು.

ಶಹಾಬಾದಿನ ಉಸ್ತಾದ್ ಗಾಡಿಯ ಕಡೆ ನೋಡಲೇ ಇಲ್ಲ. ನನ್ನ ಯಾತ್ರೆಯ ಪುರಾಣವನ್ನು ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: "ಎಲ್ಲಾ ಕಡೆ ಮೊದ್ಲ ಏನು ಮಾಡಿದ್ರು?"

"ಪೆಟ್ರೋಲ್ ನೋಡಿದ್ರು."

"ಅಂದ್ರ ಮುಚ್ಚಳ ತೆಗೆದ್ರು."

ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣ ತೂತೊಂದಿರುತ್ತದೆ. ಪೆಟ್ರೋಲ್ ಕೆಳಗಿಳಿದಷ್ಟೂ ಆ ತೂತಿನಿಂದ ಗಾಳಿ ಒಳಬರಬೇಕು. ಬರದಿದ್ದರೆ ಟ್ಯಾಂಕು ಉಸಿರು ಬಿಗಿಹಿಡಿದು ಪೆಟ್ರೋಲನ್ನು ಕೆಳಗೆ ಬಿಡುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಟು-ಸ್ಟ್ರೋಕ್ ಗಾಡಿಯ ಪೆಟ್ರೋಲಿನಲ್ಲಿ ಆಯಿಲ್ ಕೂಡಿರುತ್ತದಲ್ಲ, ಮುಚ್ಚಳದ ಸುತ್ತ ಜಿನುಗಿದ ಆ ಜಿಡ್ಡಿಗೆ ಫರಸಿ ಪುಡಿ ಅಂಟಿ ತೂತನ್ನು ಗಿಲಾಯಿ ಮಾಡಿತ್ತು. ಮುಚ್ಚಳ ತೆಗೆದಾಗಲೆಲ್ಲ ಸುಸ್ ಎಂದು ಒಳಹೋದ ಗಾಳಿಯೇ ಮುಂದಿನ ಊರಿನವರೆಗಿನ ಔಷಧ. ಚಿಂಚೋಳಿಯ ಕಾಕಾ ಗಾಳಿ ಹೊಕ್ಕಿದೆ ಎಂದಿದ್ದರು. ಹೊಗದೇ ಇದ್ದದ್ದೇ ರೋಗ!

ಉಸ್ತಾದ್ ಅಂಗಿಯ ಕಿಸೆಯಿಂದ ಟಾಚಣಿ ತೆಗೆದು ತೂತು ಬಿಡಿಸಿದರು. ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ, "ಟಾಚಣಿ ಚುಚ್ಚಿದ್ದಕ್ಕ ಏನು ತಗೋಬೇಕ್ರೀ, ಚಾ ಕುಡಿಸ್ರಿ" ಎಂದರು.

ಈಗಲೂ ವಾಡಿ ಹಾದು ಹೋಗುವಾಗ ಅಣ್ಣಾರು ಕೈ ಮಾಡಿ ನಿಲ್ಲಿಸುತ್ತಾರೆ. "ಪಿಲಗ್ ಹ್ಯಾಂಗದ ರೀ?"

"ನೀವು ಉಜ್ಜಿದ ಮ್ಯಾಲ ಗಾಡಿ ಒಂದ್ಸಲನೂ ನಿಂತಿಲ್ರೀ" ಎನ್ನುತ್ತೇನೆ. ಅವರು ಪಕ್ಕದಲ್ಲಿದ್ದವರ ಮುಖ ನೋಡುತ್ತಾರೆ.